ಮೂರನೇ ಹೊಟೇಲು

ಫೋಟೋ ನೋಡಿ ಹೊಟೇಲು ಹಿಡಿಯೂದಂದ್ರ
ಫೋಟೋ ನೋಡಿ ಹೆಣ್ಣು ಒಪ್ಪಿದಂಗ, ಅಂದ್ರು ಕುಲಗೋಡರು.
ಅದಕ್ಕ ಏನೂ ಬುಕ್ ಮಾಡಲಾರದ
ಸ್ವಾರಗೇಟಿನ್ಯಾಗ ಬೆಳಗಾವಿ ಬಸ್ಸು ಇಳದ್ವಿ.
ಒಂದು ಸೂಟಕೇಸು ಅವರದು, ಒಂದು ಏರಬ್ಯಾಗು ನಂದು;
ಇಬ್ಬರ ಅರಿವಿ ಒಂದರಾಗ ತುಂಬೂವಷ್ಟು
ಸಲಿಗಿ ಇನ್ನೂ ಬಂದಿದ್ದಿಲ್ಲ.
ಮಂಗಳವಾರದಿಂದ ನನ್ನ ಗಂಡ.
ಬಾಯಾಗ ಮಾತ್ರ ಇನ್ನೂ ‘ಕುಲಗೋಡ ಸರ್’.

‘ಛಲೋ ಹೊಟೇಲ್ ತೋರಸಪಾ, ಎಲ್ಲಾಕಿಂತ ಛಲೋ’
ಅಂದ್ರು ಇವರು, ಕರೆಂಟ್ ಆಫೀಸಿನ ಲೆಕ್ಕದಾಗ
ಮೂವತ್ತ ವರ್ಷ ಒಂದ ಪೈಸಾ ಆಚೀಚೆ ಬಿಡದವರು.
ರಿಕ್ಷಾದ ಬಬನ್ ಕನ್ನಡಿಯೊಳಗ ನಮ್ಮ ಮಾರಿ ನೋಡಿದ.
‘ಲಾಜ್, ಕಾಕಾ?’
‘ಲಾಜ್ ಅಲ್ಲ. ಹೊಟೇಲು.’

ಮೊದಲನೇದು ಸ್ಟೇಶನ್ ಕಡೆ. ಬಾಗಲಾ ತಾನ ತೆಗೀತು.
ಒಳಗ ಆಪರೇಶನ್ ಥಿಯೇಟರಿನ ಥಂಡಿ,
ನನ್ನ ಕೈ ತಾವ ತೊಳಕೊಳ್ಳಾಕ ನಲ್ಲಿ ಹುಡುಕಿದ್ವು.
ಚಾದರದ ಮೂಲಿ, ನಾನು ಹೊಸಾ ನರ್ಸುಗಳಿಗೆ
ಬೈದು ಬೈದು ಕಲಿಸಿದಂಗ, ಮಡಿಚಿತ್ತು.
ತಪ್ಪು ಸಿಗಲಿಲ್ಲ.
ಟಬ್ಬಿನ್ಯಾಗ ಇಳ್ಯಾಕ ಹಿಡಕಿ ಇಲ್ಲ.
ಕಿಡಕಿ ಗಾಜು ಗ್ವಾಡಿಗೇ ಬೆಳದಿತ್ತು.
‘ಇದು ತೆಗ್ಯಾಂಗಿಲ್ಲೇನು?’
‘ಎಸಿ ಹೈ ನಾ, ಮ್ಯಾಡಮ್.’
ಐಸಿಯುದಾಗ ನಾವೂ ಹಂಗ ಅಂತಿದ್ವಿ
ಕಿಡಕಿ ಕೇಳಿದವರಿಗೆ.

ಎರಡನೇದು ಕೋರೆಗಾಂವ ಪಾರ್ಕಿನ ಆಲದ ನೆರಳಾಗ.
ಕೌಂಟರಿನ ಹುಡುಗ ಎರಡೂ ಆಧಾರ್ ಜೋಡಿಸಿಟ್ಟ.
ಅವರದರಾಗ ಗೋಕಾಕದ ವಿಳಾಸ,
ನನ್ನದರ ಹಿಂದ ನಾ ಇನ್ನೂ ಗುರುಬಸಪ್ಪನ ಹೆಣತಿ.
ಇಪ್ಪತ್ತಾರು ವರ್ಷದ ಹಿಂದ ಮಣ್ಣಾದವನು
ಎದ್ದು ಬಂದು ಪುಣಾದ ಕೌಂಟರಿಗೆ
ಮೊಣಕೈ ಊರಿ ನಿಂತ.
ಕುಲಗೋಡರು ಕಿಸೆದಿಂದ ಪ್ಲಾಸ್ಟಿಕ್ ಕವರು ತಗದ್ರು,
ರಿಜಿಸ್ಟ್ರಾರ್ ಆಫೀಸಿನ ಸಿಕ್ಕಾ, ಮೂರು ದಿನದ್ದು.
‘ಬ್ಯಾಡ ಸರ್, ನಮ್ಮಲ್ಲಿ ಎಲ್ಲಾರೂ ಬರ್ತಾರ.’
ಹುಡುಗ ನಗಲಿಲ್ಲ. ನಕ್ಕಿದ್ರ ಛಲೋ ಇತ್ತು.
ಇವರು ಕವರು ಮತ್ತ ಕಿಸೆಕ್ಕ ಇಟ್ಟು, ಗುಂಡಿ ಹಾಕಿ,
‘ನಡೀರಿ’ ಅಂದ್ರು.

ಮೀಟರು ಮುನ್ನೂರ ದಾಟಿತ್ತು.
ಮೂರನೇದು ಹೊಳಿ ದಂಡಿಗೆ, ಸಂಗಮದ ಪೂಲಿನ ಈಚೆ.
ರಾತ್ರಿಗೆ ಹದಿನಾಲ್ಕು ಸಾವಿರ.
ಇವರ ಬೆರಳು ತೊಡಿ ಮ್ಯಾಲ ಲೆಕ್ಕಕ್ಕ ಕೂತ್ವು:
ಎರಡಕ್ಕ ಒಳಗ, ಹನ್ನೊಂದಕ್ಕ ಹೊರಗ, ಇಪ್ಪತ್ತೊಂದ ತಾಸು,
ತಾಸಿಗೆ ಆರನೂರಾ ಅರವತ್ತಾರು.
‘ನಿದ್ದಿಗೂ ಅದ ರೇಟು’ ಅಂದೆ.
‘ಹಂಗಾರ ನಿದ್ದಿ ಮಾಡೂದ ಬ್ಯಾಡ’ ಅಂದ್ರು,
ಅಂದ ಮ್ಯಾಲ ತಮ್ಮ ಮಾತು ತಮಗ ಕೇಳಿಸಿ
ಕಿವಿ ಎರಡೂ ಗಜ್ಜರಿ ಆದ್ವು.

‘ಎಷ್ಟನೇ ಆನಿವರ್ಸರಿ, ಸರ್? ಕೇಕ್ ಇಡಸ್ತೀವಿ.’
ಹುಡುಗಿಯ ಎದಿ ಮ್ಯಾಲ ‘ತೃಪ್ತಿ’ ಅಂತ ಪಟ್ಟಿ.
‘ಸೊನ್ನೆ’ ಅಂದ್ರು ಇವರು.
ಆಕಿ ಅದನ್ನ ಹಂಗ ಬರಕೊಂಡ್ಲು.
‘ಡಬಲ್ ಬೆಡ್ಡಾ, ಟ್ವಿನ್ನಾ?’

ಇವರು ನನ್ನ ನೋಡಿದ್ರು.
ನಾನು ಗ್ವಾಡಿ ನೋಡಿದೆ: ಐದು ಊರಿನ ಐದು ಗಡಿಯಾರ,
ಬೆಳಗಾವಿದು ಇರಲಿಲ್ಲ.
ಇವರ ಗೊರಕಿ ನಂಗ ಗೊತ್ತು, ಬೈಪಾಸ್ ಆದಾಗ
ಹನ್ನೊಂದ ರಾತ್ರಿ ನನ್ನ ವಾರ್ಡಿನ್ಯಾಗ ಕೇಳೀನಿ.
ನಂದು ಅವರಿಗೆ ಗೊತ್ತಿಲ್ಲ:
ಮೂರ ಫೂಟಿನ ಕಾಟು, ಗ್ವಾಡಿಗೆ ಮಾರಿ,
ಹೊಳ್ಳಿದ್ರ ಎಚ್ಚರ.

‘ಮೊದಲ ಹೇಳ ತಂಗಿ, ಕಿಡಕಿ ತೆಗೀತೈತೇನು?’
‘ನಾಕ ಬೆರಳು, ಮ್ಯಾಡಮ್. ಸೇಫ್ಟಿ.
ಆದ್ರ ಹೊಳಿ ನಾರತೈತಿ.’
‘ನಾರಲಿ.’

ಹೊರಗ ಬಬನ್ ಮೀಟರು ನಿಲ್ಲಿಸಿ
ಚೀಲ ಇಳಸಾಕತ್ತಿದ್ದ, ಯಾರೂ ಹೇಳಿದ್ದಿಲ್ಲ.

‘ಬೆಡ್ಡು, ಮ್ಯಾಡಮ್?’
‘ಒಂದ ಇರಲಿ.
ಕಿಡಕಿ ಕಡೆ ನಂದು.’